ಒಂದು ಗೇಣಿನ ಎತ್ತರ

ರಜನಿ ಮೇಡಂ ಹೆಸರು ಕೇಳಿದರೆ ಇವತ್ತಿಗೂ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಕಣ್ಣು ತುಂಬಿ ಬರುತ್ತದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಅಮ್ಮಿ ಹೇಳುತ್ತಲೇ ಇರುತ್ತಾಳೆ. ಹುಬ್ಬಳ್ಳಿಯ ಗೋಪನಕೊಪ್ಪದಿಂದ ಧಾರವಾಡಕ್ಕೆ ಬ್ಯಾಂಕಿನ ನೌಕರಿಗಾಗಿ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು ನಾನು. ಕೆಲವು ಸಂಜೆ ನೇರ ಮನೆಗೆ ಹೋಗದೆ, ಬೇಕೆಂದೇ ಆಟೋ ಹಿಡಿದು ನಮ್ಮ ಹಳೆಯ ಕಾಲೇಜಿನ ಕಂಪೌಂಡಿನವರೆಗೆ ಹೋಗಿ ನಿಲ್ಲುತ್ತೇನೆ. ಒಳಗೆ ಚೆಂಡು ಪುಟಿಯುವ ಸದ್ದು ಕೇಳಿಸುತ್ತದೆ. ಈಗ ಅಲ್ಲಿ ಗಟ್ಟಿ ಕಾಂಕ್ರೀಟಿನ ಅಂಗಳ, ಸುತ್ತ ತಂತಿಯ ಬೇಲಿ, ಮೇಲೆ ದೊಡ್ಡ ದೊಡ್ಡ ದೀಪ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕಣ್ಣು ಹುಡುಕುವುದು ಸಗಣಿ ಸಾರಿಸಿದ ಆ ಮಣ್ಣಿನ ಅಂಗಳವನ್ನು, ಅದರ ನಡುವೆ ಸೊಂಟದ ಮೇಲೆ ಕೈಯಿಟ್ಟು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿರುತ್ತಿದ್ದ ರಜನಿ ಮೇಡಂ ಅವರನ್ನು.

ಅವರು ಉಪ್ಪಿನಬೆಟಗೇರಿಯವರು, ಒಕ್ಕಲುತನದ ಮನೆಯ ಮಗಳು. ಬಾಸ್ಕೆಟ್‌ಬಾಲ್ ಅನ್ನುವ ಆಟವನ್ನು ಹದಿನಾರು ತುಂಬುವವರೆಗೆ ಕಣ್ಣಿನಿಂದಲೂ ಕಂಡವರಲ್ಲ. ಊರಿನ ಶಾಲೆಯ ಬಯಲಿನಲ್ಲಿ ಖೋ-ಖೋ ಆಡಿ ಬೆಳೆದವರು. ಬಿದ್ದು ಎದ್ದು ಮೊಣಕಾಲಿನ ತುಂಬ ಗಾಯದ ಕಲೆ ಮಾಡಿಕೊಂಡಿದ್ದರು, ಅದನ್ನು ಬಂಗಾರದ ಒಡವೆ ತೋರಿಸಿದಷ್ಟೇ ಜಂಬದಿಂದ ನಮಗೆ ತೋರಿಸುತ್ತಿದ್ದರು. ತಾಲೂಕಿನ ಪಂದ್ಯಕ್ಕೆಂದು ಧಾರವಾಡಕ್ಕೆ ಬಂದಾಗ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್ ಕುಮಾರಸ್ವಾಮಿ ಸರ್ ಅವರ ಕಣ್ಣಿಗೆ ಬಿದ್ದರು. ಎದುರು ತಂಡದ ಹುಡುಗಿಯರು ಇವರನ್ನು ಮುಟ್ಟಲಾರದೆ ಏದುಸಿರು ಬಿಡುತ್ತಿದ್ದರಂತೆ. ಆಟ ಮುಗಿದ ಕೂಡಲೇ ಸರ್ ಹೋಗಿ ಇವರ ಅಪ್ಪನ ಮುಂದೆ ನಿಂತರು.

"ಯಜಮಾನ್ರ, ನಿಮ್ಮ ಮಗಳ ಕಾಲು ನನಗ ಕೊಡ್ರಿ. ಕೈ ನಾ ಕೊಡತೇನಿ."

"ಏನ್ರಿ ಸರ್, ನೀವು ದವಾಖಾನಿಯವರೇನ್ರಿ?" ಅಂತ ಅಪ್ಪ ಗಾಬರಿಯಾಗಿದ್ದರಂತೆ.

ಹೀಗೆ ರಜನಿ ಮೇಡಂ ನಮ್ಮ ಕಾಲೇಜಿಗೆ ಬಂದರು. ಹಾಸ್ಟೆಲಿನಲ್ಲಿ ಸೀಟು ಕೊಡಿಸಿದ್ದು ಸರ್. ಮೊದಲ ಜೊತೆ ಬೂಟು ಕೊಡಿಸಿದ್ದು ಸರ್. ಚೆಂಡು ಹಿಡಿಯುವುದು, ಎಸೆಯುವುದು, ಒಂದು ಕಾಲೂರಿ ತಿರುಗುವುದು ಎಲ್ಲವನ್ನೂ ಕಲಿಸಿದ್ದು ಸರ್. ಓದು ಮುಗಿಯುತ್ತಿದ್ದಂತೆ ಮನೆಯವರು ವರ ನೋಡಿದಾಗ ಉಪ್ಪಿನಬೆಟಗೇರಿಗೆ ಹೋಗಿ, "ಇನ್ನೆರಡು ವರ್ಷ ಓದಲಿ, ಆಟಾ ಕಲಸೂ ಡಿಗ್ರಿ ಮಾಡಲಿ" ಅಂತ ಅಂಗಳದಲ್ಲೇ ಕೂತು ಹಟ ಹಿಡಿದವರೂ ಸರ್. ಮೇಡಂ ಮಾತಿನಲ್ಲಿ ದೇವರ ಹೆಸರು ಅಪರೂಪಕ್ಕೆ ಬರುತ್ತಿತ್ತು, ಸರ್ ಹೆಸರು ಮಾತಿಗೊಮ್ಮೆ ಬರುತ್ತಿತ್ತು.

ಡಿಗ್ರಿ ಮುಗಿಸಿ ಅವರು ಮರಳಿ ಇದೇ ಕಾಲೇಜಿಗೆ ಸರ್ ಅವರ ಕೈಕೆಳಗೆ ಬಂದರು. ಕಾಗದದ ಮೇಲೆ ಅವರು 'ಅತಿಥಿ' ತರಬೇತುದಾರರು. ಹತ್ತು ವರ್ಷಕ್ಕೂ ಮೇಲ್ಪಟ್ಟು ಅತಿಥಿಯಾಗಿಯೇ ಇದ್ದರು. ನನಗೆ ಇದನ್ನು ನೆನೆದರೇ ಉರಿಯುತ್ತದೆ. ಯಾವ ಅತಿಥಿಯನ್ನು ಯಾರ ಮನೆಯಲ್ಲಿ ಬೆಳಕು ಹರಿಯುವ ಮುಂಚೆ ಎಬ್ಬಿಸಿ ಅಂಗಳಕ್ಕೆ ನೀರು ಹೊಡೆಯಲು ಹಚ್ಚುತ್ತಾರೆ? ಸುಣ್ಣದ ಗೆರೆ ಎಳೆಯುವುದು, ಚೆಂಡಿಗೆ ಗಾಳಿ ತುಂಬುವುದು, ಹುಡುಗಿಯರನ್ನು ಊರೂರಿಗೆ ಕರೆದುಕೊಂಡು ಹೋಗುವುದು ಎಲ್ಲ ಅವರ ಪಾಲಿಗೆ. ಫೋಟೋದ ನಡುವಿನ ಕುರ್ಚಿ ಮಾತ್ರ ಸರ್ ಅವರದು. ಮೇಡಂ ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ. ಸರ್ ನಿವೃತ್ತರಾದ ಮೇಲೆ ಆ ಕುರ್ಚಿಯಲ್ಲಿ ಕೂತು ಹುಡುಗರ ತಂಡ, ಹುಡುಗಿಯರ ತಂಡ ಎರಡನ್ನೂ ನಡೆಸಬೇಕು ಅನ್ನುವ ಆಸೆ ಅವರಿಗೆ ಇತ್ತು. ಆಸೆ ಇತ್ತು ಅಂತ ಬಾಯಿ ಬಿಟ್ಟೂ ಹೇಳುತ್ತಿದ್ದರು, ಅದರಲ್ಲಿ ನಾಚಿಕೆಪಡುವವರಲ್ಲ.

ನನ್ನನ್ನು ಅವರು ಹಿಡಿದದ್ದು ನಾನು ಕಾಲೇಜಿಗೆ ಸೇರಿದ ವಾರದಲ್ಲೇ. ವರಾಂಡದಲ್ಲಿ ಗೆಳತಿಯೊಂದಿಗೆ ಜಗಳವಾಗಿ, ಅವಳ ಟಿಫಿನ್ ಡಬ್ಬಿಯನ್ನು ಆ ತುದಿಯಲ್ಲಿದ್ದ ಕಸದ ಬುಟ್ಟಿಗೆ ಎಸೆದಿದ್ದೆ. ನೇರ ಒಳಗೆ ಹೋಗಿ ಬಿತ್ತು. ಬೈಯಲು ಬಂದ ಮೇಡಂ ಬೈಯುವುದನ್ನೇ ಮರೆತು ಬುಟ್ಟಿಯಿಂದ ಡಬ್ಬಿ ತೆಗೆದು ಕೈಗೆ ಕೊಟ್ಟರು.

"ಇನ್ನೊಮ್ಮೆ ಒಗಿ ನೋಡೂಣು."

ಎಸೆದೆ. ಮತ್ತೆ ಬಿತ್ತು. ಮರುದಿನವೇ ಅವರು ನಮ್ಮ ಮನೆಯಲ್ಲಿ ಹಾಜರು. ನಮ್ಮ ಅಮ್ಮಿ ಮಾಶಾಬಿ ಅಂದರೆ ಓಣಿಯ ಗಂಡಸರೂ ದನಿ ತಗ್ಗಿಸಿ ಮಾತಾಡುತ್ತಾರೆ.

"ಚಡ್ಡಿ ಹಾಕ್ಕೊಂಡು ಆಡೂದು ನಮ್ಮ ಮನ್ಯಾಗ ನಡಿಯೂದಿಲ್ರಿ," ಅಂದಳು ಅಮ್ಮಿ.

"ನಮ್ಮ ಉಪ್ಪಿನಬೆಟಗೇರಿಯೊಳಗೂ ನಡಿಯೂದಿಲ್ರಿ," ಅಂದರು ಮೇಡಂ. "ನಮ್ಮ ಅಜ್ಜಿ ಬಾಳವ್ವ ಇನ್ನೂ ಕೇಳತಾಳ, ಗಂಡಸರ ಅರಬಿ ಹಾಕ್ಕೊಳ್ಳೂದು ಎಂದ ಬಿಡತೀ ಅಂತ. ಪೂರಾ ಪ್ಯಾಂಟ್ ಹಾಕಿ ಆಡಸತೇನ್ರಿ. ತಲಿಗೆ ಸ್ಕಾರ್ಫ್ ಬೇಕಂದ್ರ ಕಟ್ಟಕೊಳ್ಳಲಿ. ನನಗ ಬೇಕಾಗಿದ್ದು ಆಕಿ ಕೈ ಅಷ್ಟ."

"ಕತ್ತಲಾತಂದ್ರ?"

"ನಾನ ಗೋಪನಕೊಪ್ಪದ ಮಟಾ ಬಂದು ನಿಮ್ಮ ಕೈಯಾಗ ಕೊಟ್ಟು ಹೋಗತೇನಿ."

ಅಮ್ಮಿ ಚಹಾ ಮಾಡಿದಳು, ಮೇಡಂ ಎರಡು ಬಟ್ಟಲು ಚೂಡಾ ತಿಂದರು. ಆಡಿದ ಮಾತನ್ನು ನನ್ನ ಕಾಲೇಜು ಮುಗಿಯುವವರೆಗೂ ನಡೆಸಿಕೊಟ್ಟರು. ಹುಬ್ಬಳ್ಳಿಗೆ ಬಂದು ನನ್ನನ್ನು ಬಾಗಿಲಲ್ಲಿ ಬಿಟ್ಟು, ಮತ್ತೆ ಧಾರವಾಡದ ಬಸ್ಸು ಹಿಡಿದು ಹೋಗುತ್ತಿದ್ದರು. ಆ ಬಸ್ಸಿನಲ್ಲಿ ನಾವಿಬ್ಬರೂ ಕಡಲೆಕಾಯಿ ತಿನ್ನುತ್ತ ಆಡಿದ ಮಾತು, ಆಡಿದ ಜಗಳ ಎಲ್ಲ ಈಗಲೂ ನೆನಪಿದೆ.

ಇನ್ನು ಆ ಅಂಗಳದ ಮಾತು. ಧಾರವಾಡದ ಪೂರ್ವ ಬದಿಗೆ ಎರೆಹೊಲದ ನಡುವೆ ಕಟ್ಟಿದ ಕಾಲೇಜು ನಮ್ಮದು. ಎರೆಮಣ್ಣಿನ ಗುಣ ನಮ್ಮ ಕಡೆಯವರಿಗೆಲ್ಲ ಗೊತ್ತು. ಮಳೆಗಾಲದಲ್ಲಿ ಬೂಟು ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಏಪ್ರಿಲ್ ಬಂತೆಂದರೆ ಅಂಗಳದಲ್ಲಿ ಅಂಗೈ ತೂರುವಷ್ಟು ಬಿರುಕು. ಅದಕ್ಕೇ ಕುಮಾರಸ್ವಾಮಿ ಸರ್ ಪ್ರತಿ ಬೇಸಿಗೆ ರಜೆಯಲ್ಲಿ ಕೆಲಗೇರಿ ಕಡೆಯಿಂದ ಕೆಂಪು ಗರಸು ಮಣ್ಣು ತರಿಸಿ, ಬಿರುಕು ತುಂಬಿ, ಮೇಲೆ ಒಂದು ಪದರ ಹರಡಿ, ನೀರು ಹೊಡೆದು, ಕಲ್ಲಿನ ರೋಲರ್ ಎಳೆಸಿ, ಕೊನೆಗೆ ಸಗಣಿಯಿಂದ ಸಾರಿಸುತ್ತಿದ್ದರು. ಈ ಕೆಲಸಕ್ಕೆ ಅವರು ಯಾರನ್ನೂ ನಂಬುತ್ತಿರಲಿಲ್ಲ. ಪ್ಯಾಂಟು ಮಡಚಿಕೊಂಡು ತಾವೇ ಮಣ್ಣಿಗೆ ಇಳಿಯುತ್ತಿದ್ದರು. ಮಕ್ಕಳಿಲ್ಲದ ಮನುಷ್ಯ, ಆ ಅಂಗಳವೇ ಅವರ ಮಗು ಅಂತ ಜನ ಆಡಿಕೊಳ್ಳುತ್ತಿದ್ದರು. ಜೂನ್‌ನಲ್ಲಿ ನಾವು ಬಂದಾಗ ಅಂಗಳ ಹಬ್ಬದ ಮನೆಯ ಪಡಸಾಲೆಯಂತೆ ನುಣ್ಣಗೆ ಇರುತ್ತಿತ್ತು.

ಆ ಅಂಗಳದಲ್ಲಿ ನಮ್ಮನ್ನು ಸೋಲಿಸಿದವರು ಯಾರೂ ಇರಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಸಂಸ್ಥಾಪಕರ ಕಪ್ಪು ಅಂತ ಪಂದ್ಯಾವಳಿ ನಡೆಯುತ್ತಿತ್ತು. ಬೆಳಗಾವಿ, ವಿಜಯಪುರ, ಗದಗ ಎಲ್ಲ ಕಡೆಯಿಂದ ಹುಡುಗಿಯರು ಬರುತ್ತಿದ್ದರು, ಸೋತು ಹೋಗುತ್ತಿದ್ದರು. ಅವರು ಎಸೆದ ಚೆಂಡು ರಿಂಗಿನ ಆಚೆ ಹೋಗಿ ಹಲಗೆಗೆ ಬಡಿಯುತ್ತಿತ್ತು, ನಾವು ಎಸೆದದ್ದು ಎಣ್ಣೆ ಸವರಿದ ಹಾಗೆ ಒಳಗಿಳಿಯುತ್ತಿತ್ತು. ಸರ್ ಮೀಸೆ ತಿರುವುತ್ತ, "ಇದು ನಮ್ಮ ಮಣ್ಣಿನ ಗುಣ" ಅನ್ನುತ್ತಿದ್ದರು. ಪೇಪರಿನವರು ಬಂದು ಫೋಟೋ ತೆಗೆಯುತ್ತಿದ್ದರು.

ಆದರೆ ಅದೇ ನಾವು ಹೊರಗೆ ಹೋದರೆ ಮಾನ ಹೋಗುತ್ತಿತ್ತು. ಎಸೆದ ಚೆಂಡೆಲ್ಲ ಗಿಡ್ಡ. ರಿಂಗಿನ ಮುಂಭಾಗಕ್ಕೆ ತಾಗಿ ನಮ್ಮ ಕಡೆಗೇ ವಾಪಸ್ ಬರುತ್ತಿತ್ತು. ಹೊರಗಿನ ನೀರು ಹಿಡಿಸುವುದಿಲ್ಲ ಅಂತ ಒಮ್ಮೆ ಮನೆಯಿಂದ ಕ್ಯಾನಿನಲ್ಲಿ ನೀರು ಹೊತ್ತುಕೊಂಡು ಹೋದೆವು. ದೃಷ್ಟಿಯಾಗಿದೆ ಅಂತ ಬಸ್ಸಿನ ಗಾಲಿಗೆ ನಿಂಬೆಹಣ್ಣು ಇಟ್ಟೆವು. ಡ್ರೈವರ್ ನಕ್ಕ, ನಾನು ಅವನ ಜೊತೆಗೂ ಜಗಳ ಆಡಿದೆ. "ನಮ್ಮ ಹುಡುಗ್ಯಾರಿಗೆ ಸೀಮಿ ದಾಟಿದ ಕೂಡ್ಲೇ ಎದಿ ಧೈರ್ಯ ಹೋಗತೈತಿ" ಅಂತ ಸರ್ ಬೇಸರ ಮಾಡಿಕೊಳ್ಳುತ್ತಿದ್ದರು.

ನಮ್ಮಲ್ಲಿ ಎಲ್ಲರಿಗಿಂತ ಎತ್ತರದವಳು ಐಶ್ವರ್ಯಾ. ಮೆತ್ತನೆಯ ಹುಡುಗಿ, ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಹಿರಿಯಳು. ಯೂನಿವರ್ಸಿಟಿ ತಂಡದ ಆಯ್ಕೆಗೆ ಹೋಗಿ ಒಂದು ಚೆಂಡನ್ನೂ ಹಾಕಲಾಗದೆ ವಾಪಸ್ ಬಂದಳು. ಬಸ್ಸಿನಲ್ಲಿ ಮೇಡಂ ಪಕ್ಕ ಕೂತು ದಾರಿಯುದ್ದಕ್ಕೂ ಅತ್ತಳು.

"ನನ್ನ ಕೈಯಾಗ ಏನೋ ದೋಷ ಐತ್ರಿ ಮೇಡಂ."

ಮೇಡಂ ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

ಮುಂದಿನ ಮೇ ತಿಂಗಳಲ್ಲಿ ಕುಮಾರಸ್ವಾಮಿ ಸರ್ ನಿವೃತ್ತರಾದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸ್ವಂತ ಅಂಗಳದಲ್ಲಿ ಸೋಲರಿಯದ ಕೋಚ್ ಅಂತ ಎಲ್ಲರೂ ಹೊಗಳಿದರು. ಸಂಸ್ಥೆಯ ಅಧ್ಯಕ್ಷರು ಚನ್ನಯ್ಯ ಅಂತ, ಅರಳೆ ವ್ಯಾಪಾರದವರು. ಅವರು ಮೇಡಂ ಅವರನ್ನು ಆಫೀಸಿಗೆ ಕರೆಸಿದರು.

"ನೀವು ಹೆಣಮಗಳು. ಹುಡುಗರ ತಂಡಾನೂ ನಿಮ್ಮ ಕೈಯಾಗ ಕೊಡೂದಂದ್ರ ಕಮಿಟಿಯಾಗ ಅಪಸ್ವರ ಏಳತೈತಿ. ಈ ಸಲಾ ಸಂಸ್ಥಾಪಕರ ಕಪ್ಪು ಗೆದ್ದು ಕೊಡ್ರಿ, ಎಲ್ಲಾರ ಬಾಯಿ ನಾ ಮುಚ್ಚಸತೇನಿ. ಇಲ್ಲಾಂದ್ರ ಹುಬ್ಬಳ್ಳಿಯಾಗ ಶಶಿಕುಮಾರ ಅಂತ ಒಬ್ಬಾಂವ ಅದಾನ. ಸರ್ಟಿಫಿಕೇಟ್ ಭಾಳ ಅದಾವ."

ಶಶಿಕುಮಾರ ಬಂದರೆ ತನ್ನ ಜೊತೆಯವರನ್ನೇ ಕರೆತರುತ್ತಾನೆ, ಮೇಡಂಗೆ ಅತಿಥಿಯ ಕೆಲಸವೂ ಉಳಿಯುವುದಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಆದರೂ ನಾವು ಹೆದರಲಿಲ್ಲ. ನಮ್ಮ ಅಂಗಳದಲ್ಲಿ ನಮ್ಮನ್ನು ಸೋಲಿಸುವವರು ಯಾರು? ಕಪ್ಪು ನಮ್ಮದೇ, ಕುರ್ಚಿ ಮೇಡಂದೇ ಅಂತ ನಾವು ಆಗಲೇ ಪೇಡೆ ತಿಂದು ಮುಗಿಸಿದ್ದೆವು.

ದಸರಾ ರಜೆಯ ಒಂದು ಮಧ್ಯಾಹ್ನ ಮೇಡಂ ಒಬ್ಬರೇ ಅಂಗಳಕ್ಕೆ ಬಂದಿದ್ದರು. ಅಂದು ನಡೆದದ್ದನ್ನು ಅವರು ನನಗೆ ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ. ಅಂಗಳದ ಬದಿಗೆ ಕಟ್ಟೆಯೊಂದಿತ್ತು, ಅದಕ್ಕೆ ಮೆಟ್ಟಿಲು. ಅವರು ಕಾಲೇಜು ಹುಡುಗಿಯಾಗಿದ್ದಾಗ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರಂತೆ. ಯಾಕೋ ಹಳೆಯದು ನೆನಪಾಗಿ ಅಲ್ಲೇ ಕೂರಲು ಹೋದರು. ಮೂರು ಮೆಟ್ಟಿಲು ಇರುತ್ತಿದ್ದವು, ಈಗ ಎರಡೇ ಇವೆ. ಬೂಟಿನ ಹಿಮ್ಮಡಿಯಿಂದ ಮಣ್ಣು ಕೆರೆದರು. ಮೂರನೆಯದು ಕೆಳಗೆ ಹೂತುಹೋಗಿತ್ತು.

ಊರಿನ ಶಾಲೆಯಲ್ಲಿ ಖೋ-ಖೋ ಕಂಬವನ್ನು ಪಂದ್ಯದ ಮುಂಚೆ ಪ್ರತಿ ಸಲ ಕಿತ್ತು ಹೊಸದಾಗಿ ಹುಗಿಯುತ್ತಿದ್ದರಂತೆ. ಬುಡಕ್ಕೆ ಮಣ್ಣು ತುಂಬಿ ತುಂಬಿ ಕಂಬ ಗಿಡ್ಡವಾಗುತ್ತದೆ, ಅಂಪೈರು ಬಿಡುವುದಿಲ್ಲ ಅಂತ ಮಾಸ್ತರು ಹೇಳುತ್ತಿದ್ದರಂತೆ. ಅದು ತಲೆಗೆ ಬಂದದ್ದೇ ತಡ, ಮೇಡಂ ತಲೆ ಎತ್ತಿ ರಿಂಗು ನೋಡಿದರು. ಏಣಿ ತಂದು, ಟೇಪು ಹಿಡಿದು ಅಳೆದರು. ನೆಲದಿಂದ ಹತ್ತು ಅಡಿ ಇರಬೇಕಾದ ರಿಂಗು ಒಂದು ಗೇಣು ಕಡಿಮೆ ಇತ್ತು.

ಕಂಬ ನಿಲ್ಲಿಸಿದ ದಿನ ಸರ್ ತಾವೇ ಅಳೆದಿದ್ದರು. ಕಬ್ಬಿಣದ ಕಂಬ ಕುಗ್ಗುತ್ತದೆಯೇ? ಮತ್ತೆ ಅಳೆಯಬೇಕು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ಅವರು ಪ್ರೀತಿಯಿಂದ ಹಾಸಿದ ಗರಸು ವರ್ಷ ವರ್ಷ ಒಂದೊಂದು ಪದರ ಏರಿ, ನಮ್ಮ ಅಂಗಳವೇ ರಿಂಗಿನ ಕಡೆಗೆ ಬೆಳೆದಿತ್ತು. ನಮ್ಮ ಕೈಗೆ ಆ ಗಿಡ್ಡ ಎತ್ತರವೇ ರೂಢಿಯಾಗಿತ್ತು. ಇಲ್ಲಿಯ ಗೆಲುವು, ಅಲ್ಲಿಯ ಸೋಲು ಎರಡಕ್ಕೂ ಕಾರಣ ಆ ಒಂದು ಗೇಣು.

ಮೇಡಂ ಅವತ್ತು ಕತ್ತಲಾಗುವವರೆಗೆ ಕಟ್ಟೆಯ ಮೇಲೆ ಕೂತಿದ್ದರಂತೆ. ಸುಮ್ಮನಿದ್ದರೆ ಡಿಸೆಂಬರಿನಲ್ಲಿ ಕಪ್ಪು, ಜನವರಿಯಲ್ಲಿ ಆರ್ಡರು. ಕಪ್ಪು ಮುಗಿದ ಮೇಲೆ ರಿಂಗು ಏರಿಸಬಹುದಿತ್ತು. ಆದರೆ ಕಪ್ಪಿನ ಬೆನ್ನಿಗೇ ಯೂನಿವರ್ಸಿಟಿಯ ಆಯ್ಕೆ, ಕೈಗೆ ಹೊಸ ಎತ್ತರ ರೂಢಿಯಾಗಲು ತಿಂಗಳೊಪ್ಪತ್ತು ಸಾಲದು. ಐಶ್ವರ್ಯಾಗೆ ಅದು ಕೊನೆಯ ವರ್ಷ. ದೋಷ ನೆಲದಲ್ಲಿ ಇಟ್ಟುಕೊಂಡು ಆ ಹುಡುಗಿ ತನ್ನ ಕೈಯನ್ನು ಶಪಿಸುತ್ತ ಬದುಕಬೇಕೇ? ಇನ್ನೊಂದು ಕಡೆ ಸರ್. ನಿಜ ಹೊರಗೆ ಬಂದರೆ ಅವರ ಅಷ್ಟು ವರ್ಷದ ಹೆಸರು ಎರಡೂ ಊರಿನ ಚಹಾದಂಗಡಿಗಳಲ್ಲಿ ನಗೆಪಾಟಲು. ಮೇಡಂ ಒಂದು ತೀರ್ಮಾನಕ್ಕೆ ಬಂದರು. ರಿಂಗು ಏರಿಸುವುದು, ಯಾಕೆಂದು ಯಾರಿಗೂ ಹೇಳದಿರುವುದು.

ದೀಪಾವಳಿ ರಜೆಯಲ್ಲಿ ಹುಬ್ಬಳ್ಳಿಯಿಂದ ಗೌಸಮೊದ್ದೀನ ಅನ್ನುವ ವೆಲ್ಡರನ್ನು ಕರೆಸಿ, ಎರಡೂ ಕಂಬಗಳ ಹಲಗೆ ಬಿಚ್ಚಿಸಿ, ಒಂದು ಗೇಣು ಮೇಲೆ ಹೊಸ ತೂತು ಕೊರೆಸಿ, ಬೋಲ್ಟು ಬಿಗಿಸಿ, ಬಣ್ಣ ಬಳಿಸಿದರು. ರಜೆ ಮುಗಿಸಿ ಬಂದ ನಮಗೆ, "ಬೋಲ್ಟ್ ಸಡಲ ಆಗಿದ್ವು, ಬಿಗಿ ಮಾಡಸೇನಿ" ಅಂದರು.

ಆಮೇಲೆ ಶುರುವಾಯಿತು ನೋಡಿ ನನ್ನ ಗೋಳು. ಕಣ್ಣು ಕಟ್ಟಿದರೂ ಹಾಕುತ್ತಿದ್ದ ಚೆಂಡು ಈಗ ಬೀಳುವುದೇ ಇಲ್ಲ. ಎಲ್ಲರದೂ ಅದೇ ಪಾಡು. ಮೇಡಂ ನಮ್ಮನ್ನು ಕುಕ್ಕರಗಾಲಲ್ಲಿ ಕೂರಿಸಿ ಏಳಿಸಿ, ಮೆಟ್ಟಿಲು ಹತ್ತಿಸಿ ಇಳಿಸಿ, "ಕೈಯಿಂದ ಅಲ್ಲ, ಕಾಲಿಂದ ಹಾಕ್ರಿ" ಅಂತ ಒಂದೇ ಸಮ ಕೂಗುತ್ತಿದ್ದರು. ಈ ಹೊಸ ಕಲಿಕೆಯಿಂದಲೇ ನಮ್ಮ ಕೈ ಕೆಟ್ಟಿತು ಅಂತ ನನಗೆ ಖಾತ್ರಿಯಾಯಿತು. ಒಂದು ದಿನ ಚೆಂಡನ್ನು ನೆಲಕ್ಕೆ ಕುಕ್ಕಿದೆ.

"ಸರ್ ಇದ್ದಾಗ ಎಲ್ಲಾ ಛಲೋ ಇತ್ತು. ನೀವ ಬಂದು ಕೆಡಸಿದ್ರಿ!"

ಮೇಡಂ ಮುಖದ ಬಣ್ಣವೇ ಹೋಯಿತು. ಚೆಂಡು ಎತ್ತಿ ನನ್ನ ಎದೆಗೆ ತಳ್ಳಿದರು. "ಬೈಯೂದಾತು? ಇನ್ನ ಹಾಕು," ಅಂದರು. ಅಂದು ಸಂಜೆಯೂ ಬಸ್ಸಿನಲ್ಲಿ ನನ್ನನ್ನು ಮನೆಗೆ ಬಿಡಲು ಬಂದರು, ನಾನು ಮುಖ ಊದಿಸಿಕೊಂಡು ಕಡಲೆಕಾಯಿ ಮುಟ್ಟಲಿಲ್ಲ.

ಡಿಸೆಂಬರ್ ಬಂತು. ಕುಮಾರಸ್ವಾಮಿ ಸರ್ ಮುಖ್ಯ ಅತಿಥಿ, ಕೊರಳಲ್ಲಿ ಹಾರ. ನಾವು ಗದಗಿನವರ ಎದುರು ಮೊದಲ ಪಂದ್ಯದಲ್ಲೇ ಮಣ್ಣುಮುಕ್ಕಿದೆವು. ಎಷ್ಟು ಅಂತರದಿಂದ ಅಂತ ಹೇಳಲು ಈಗಲೂ ನನಗೆ ಬಾಯಿ ಬರುವುದಿಲ್ಲ. ಕಟ್ಟೆಯ ಮೇಲಿದ್ದ ಹುಡುಗರು ನಗಲು ಶುರು ಮಾಡಿದರು. ಸರ್ ಹಾರ ತೆಗೆದು ಕುರ್ಚಿಯ ಮೇಲಿಟ್ಟು ನೇರ ಅಂಗಳಕ್ಕೆ ನಡೆದು ಬಂದರು. ನಾವೆಲ್ಲ ಸುತ್ತ ನಿಂತಿದ್ದೆವು.

"ಇಷ್ಟ ವರ್ಷ ನಾ ಕಟ್ಟಿದ ಮನಿ, ಆರ ತಿಂಗಳದಾಗ ಕೆಡವಿದೆಲ್ಲ ರಜನಿ. ನಿನ್ನ ತಂದದ್ದ ನನ್ನ ತಪ್ಪಾತು."

ಮೇಡಂ ಕಣ್ಣಲ್ಲಿ ನೀರು ತುಂಬಿತ್ತು. ಒಂದೇ ಒಂದು ಮಾತು ಸಾಕಿತ್ತು, ತಲೆ ಎತ್ತಿ ರಿಂಗು ತೋರಿಸಿದ್ದರೆ ಸಾಕಿತ್ತು.

"ನನ್ನ ತಪ್ಪು ಐತ್ರಿ ಸರ್," ಅಂದರು ಅವರು.

ಚನ್ನಯ್ಯನವರು ಶಶಿಕುಮಾರನಿಗೆ ಹೇಳಿ ಕಳಿಸಿದರು ಅಂತ ಮರುದಿನವೇ ಸುದ್ದಿ ಬಂತು. ಮೇಡಂ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಬೆಳಿಗ್ಗೆ ಬಂದು ಅಂಗಳಕ್ಕೆ ನೀರು ಹೊಡೆದು, ನನ್ನನ್ನೂ ಐಶ್ವರ್ಯಾಳನ್ನೂ ಆಯ್ಕೆಗಾಗಿ ತಯಾರು ಮಾಡಿದರು. ಹದಿನೈದು ದಿನ ಬಿಟ್ಟು ಯೂನಿವರ್ಸಿಟಿಯ ಸಿಮೆಂಟಿನ ಅಂಗಳದಲ್ಲಿ ನಿಂತೆವು. ಐಶ್ವರ್ಯಾ ಮೊದಲ ಚೆಂಡು ಎಸೆದಳು. ಬಲೆ ಸರ್ರೆಂದಿತು. ಮತ್ತೊಂದು ಎಸೆದಳು, ಅದೂ ಬಿತ್ತು. ನಾನು ಎಸೆದೆ, ನನ್ನದೂ ಬಿತ್ತು. ಅವಳು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಮ್ಮಿಬ್ಬರ ಹೆಸರೂ ತಂಡದಲ್ಲಿ ಬಂತು. ಪರರ ಅಂಗಳದಲ್ಲಿ ನಿಂತರೂ ಮನೆಯಲ್ಲೇ ಆಡಿದ ಹಾಗೆ ಅನಿಸಿದ್ದು ಅದೇ ಮೊದಲು.

ಅದೇ ನನ್ನ ತಲೆ ಕೊರೆಯತೊಡಗಿತು. ಕಾಲೇಜಿಗೆ ಬಂದು ಕಂಬದ ಕೆಳಗೆ ನಿಂತು ಹಲಗೆಯನ್ನು ದಿಟ್ಟಿಸಿದೆ. ಬಿಸಿಲು ಓರೆಯಾಗಿ ಬಿದ್ದಾಗ ಹೊಸ ಬಣ್ಣದ ಕೆಳಗೆ ಹಳೆಯ ಬೋಲ್ಟಿನ ತೂತುಗಳು ಕಂಡವು, ಹೊಸದಕ್ಕಿಂತ ಒಂದು ಗೇಣು ಕೆಳಗೆ. ಓಡಿ ಹೋಗಿ ಮೇಡಂ ಕೈ ಹಿಡಿದು ಕೇಳಿದೆ. ಅವರು ಮೊದಲು ಮಾತು ಹಾರಿಸಿದರು, ನಾನು ಬಿಡಲಿಲ್ಲ. ಕೊನೆಗೆ ಎಲ್ಲ ಹೇಳಿ, ನನ್ನ ಕಿವಿ ಹಿಂಡಿದರು.

"ಯಾರ ಮುಂದೂ ಬಾಯಿ ಬಿಡಬ್ಯಾಡ ಸಿತಾರಾ. ಸರ್‌ಗೆ ಗೊತ್ತಾತಂದ್ರ ಊಟಾ ಬಿಡತಾರ. ಅವರ ಕೊಟ್ಟ ಆಟಾ ಇದು. ಅವರ ಹೆಸರಿನ ಮ್ಯಾಲೆ ಕಾಲಿಟ್ಟು ನಾ ಕುರ್ಚಿ ಹತ್ತೂದಿಲ್ಲ."

ಹೂಂ ಅಂತ ನಾನು ಅನ್ನಲಿಲ್ಲ. ಅವರು ಅದನ್ನು ಗಮನಿಸಲಿಲ್ಲ, ಅದಕ್ಕೆ ನಾನೇನು ಮಾಡಲಿ? ಅವತ್ತೇ ಕೆಲಗೇರಿ ಕೆರೆಯ ಹತ್ತಿರದ ಸರ್ ಮನೆಗೆ ಹೋದೆ. ಸರ್ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಚಪ್ಪಲಿ ಬಿಡುವಷ್ಟೂ ತಾಳ್ಮೆ ನನಗಿರಲಿಲ್ಲ, ಹೊಸ್ತಿಲಲ್ಲೇ ನಿಂತು ಒದರಿಬಿಟ್ಟೆ. ಗರಸು, ಮೆಟ್ಟಿಲು, ಗೇಣು, ಐಶ್ವರ್ಯಾ, ಎಲ್ಲ. "ನಿಮ್ಮ ಹೆಸರು ಉಳಸಾಕ ಮೇಡಂ ತಮ್ಮ ನೌಕರಿ ಕಳಕೊಂಡ್ರು ಸರ್. ನೀವು ಎಲ್ಲಾರ ಮುಂದ ಬೈದ್ರಿ, ಅದನ್ನೂ ಬೈಸಿಕೊಂಡ್ರು!" ಅಂದೆ.

ಸರ್ ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. ಒಮ್ಮೆಲೇ ಮುದುಕರಾದ ಹಾಗೆ ಕಂಡರು. ನನಗೆ ಪಾಪ ಅನಿಸಿತು, ಅಳುವೂ ಬಂತು.

"ಬಿಸಲಾಗ ಬಂದೀ. ಚಾ ಕುಡದು ಹೋಗು," ಅಂದರು.

ಎರಡು ದಿನ ಬಿಟ್ಟು ಸಂಜೆ ಚನ್ನಯ್ಯನವರು ಶಶಿಕುಮಾರನನ್ನು ಕರೆದುಕೊಂಡು ಅಂಗಳ ತೋರಿಸಲು ಬಂದರು. ಮೇಡಂ ಕೋಣೆಯ ಕೀಲಿಕೈ, ಚೆಂಡಿನ ಚೀಲ ಎಲ್ಲ ತಂದು ಕಟ್ಟೆಯ ಮೇಲೆ ಇಟ್ಟಿದ್ದರು. ನಾವು ಹುಡುಗಿಯರು ಒಂದು ಬದಿಗೆ ಗುಂಪಾಗಿ ನಿಂತು ಶಶಿಕುಮಾರನನ್ನು ಕಣ್ಣಲ್ಲೇ ಸುಡುತ್ತಿದ್ದೆವು. ಪಾಪ, ಅವನದೇನೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಗೇಟಿನಿಂದ ಕುಮಾರಸ್ವಾಮಿ ಸರ್ ಒಳಗೆ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಕಾಲಲ್ಲಿ ಹಳೆಯ ಬಿಳಿ ಬೂಟು. ಕಂಬದ ಕೆಳಗೆ ನಿಂತು ತಲೆ ಎತ್ತಿ ಹಲಗೆಯನ್ನು ನೋಡಿದರು. ಆಮೇಲೆ ಐಶ್ವರ್ಯಾಳ ಕೈಯಿಂದ ಚೆಂಡು ತೆಗೆದುಕೊಂಡು, ಫ್ರೀ ಥ್ರೋ ಗೆರೆಯ ಮೇಲೆ ಹೋಗಿ ನಿಂತು ಎಸೆದರು. ಚೆಂಡು ರಿಂಗನ್ನು ಮುಟ್ಟಲೂ ಇಲ್ಲ, ಮುಂದೆಯೇ ಬಿತ್ತು.

"ವಯಸ್ಸಾತು ಬಿಡ್ರಿ ಸರ್," ಅಂತ ಚನ್ನಯ್ಯನವರು ನಕ್ಕರು.

"ವಯಸ್ಸಲ್ರಿ. ರಿಂಗ್ ಈಗ ಖರೇ ಎತ್ತರಕ್ಕ ಐತಿ. ನನ್ನ ಕಾಲದಾಗ ಒಂದ ಗೇಣ ತಳಗ ಇತ್ತು. ವರ್ಷಾ ಗರಸ ಹಾಕಿ ಹಾಕಿ ನೆಲಾ ಏರಿಸಿದಾಂವ ನಾನ. ಇಲ್ಲಿ ಗೆದ್ದ ಕಪ್ಪೆಲ್ಲಾ ಆ ಗೇಣಿನವು. ಈ ರಜನಿ ಅದನ್ನ ಸರಿ ಮಾಡಿದಳು, ಸೋತಳು, ನನ್ನ ಕಡಿಂದ ಬೈಸಿಕೊಂಡಳು. ನನ್ನ ಹೆಸರು ಒಮ್ಮಿನೂ ಎತ್ತಲಿಲ್ಲ."

ಚನ್ನಯ್ಯನವರು ಅವರ ತೋಳು ಹಿಡಿದು ದನಿ ತಗ್ಗಿಸಿದರು. "ಸರ್, ಹುಡುಗ್ಯಾರ ಮುಂದ ಯಾಕ? ಒಳಗ ಕುಂತು ಮಾತಾಡೂಣು ಬರ್ರಿ."

"ಒಳಗ ಬ್ಯಾಡ್ರಿ. ನಾ ಆಕಿನ್ನ ಬೈದದ್ದು ಇಲ್ಲೇ, ಇವರ ಮುಂದ."

ಶಶಿಕುಮಾರ ತನ್ನ ಬೂಟು ನೋಡಿಕೊಂಡ, ಚನ್ನಯ್ಯನವರ ಮುಖ ನೋಡಿದ. "ನಾ ಬರತೇನ್ರಿ. ಇದು ಮೇಡಂ ಅವರ ಜಾಗಾ," ಅಂದು ಎಲ್ಲರಿಗೂ ಕೈ ಮುಗಿದು ಹೊರಟುಹೋದ. ಒಳ್ಳೆಯವನು, ಅವನನ್ನು ಕಣ್ಣಲ್ಲಿ ಸುಟ್ಟದ್ದಕ್ಕೆ ನನಗೆ ಕೆಡುಕೆನಿಸಿತು. ಚನ್ನಯ್ಯನವರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ನಾಳೆ ಆಫೀಸಿಗೆ ಬರ್ರಿ ಮೇಡಂ, ಆರ್ಡರ್ ಬರಸತೇನಿ. ಎರಡೂ ತಂಡ ನಿಮ್ಮವು," ಅಂದರು.

ಮೇಡಂಗೆ ಅದು ಕೇಳಿಸಿತೋ ಇಲ್ಲವೋ. ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಚಿಕ್ಕ ಹುಡುಗಿಯಂತೆ ಅಳುತ್ತಿದ್ದರು. ಸರ್ ಅವರ ಕಡೆ ತಿರುಗಿದರು.

"ಅಳೂದು ಆಮ್ಯಾಲ ಯವ್ವಾ. ಈ ಎತ್ತರಕ್ಕ ಹಾಕೂದು ನನಗ ಬರೂದಿಲ್ಲ. ನನಗೂ ಕಲಸು."

ಮೇಡಂ ತೋಳಿನಿಂದ ಮೂಗು ಒರೆಸಿಕೊಂಡು ಸರ್ ಬಳಿಗೆ ಬಂದು ನಿಂತರು. ಅಷ್ಟು ವರ್ಷಗಳಲ್ಲಿ ಅವರು ಸರ್ ಅವರ ಪಾದವನ್ನು ಮುಟ್ಟಿದ್ದರೇ ಹೊರತು ಕೈಯನ್ನು ಮುಟ್ಟಿದವರಲ್ಲ. ಅಳುಕುತ್ತ ಅಳುಕುತ್ತ ಅವರ ಮೊಣಕೈ ಹಿಡಿದು ಒಳಕ್ಕೆ ತಂದರು.

"ಮೊಣಕೈ ಹಿಂಗ ಇರಲಿ ಸರ್. ಮೊಣಕಾಲು ಇನ್ನಷ್ಟ ಬಗ್ಗಸ್ರಿ. ಈಗ ಹಾಕ್ರಿ."

ಸರ್ ಬಗ್ಗಿದರು, ಎದ್ದರು, ಎಸೆದರು. ಚೆಂಡು ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್ ಬಂತು. ನಾವೆಲ್ಲ ಮೇಡಂ ಮುಖ ನೋಡಿದೆವು.

"ಗಿಡ್ಡ ಬಿತ್ತು," ಅಂದರು ಮೇಡಂ, ನಮ್ಮನ್ನು ಗದರಿಸುವ ಅದೇ ದನಿಯಲ್ಲಿ. "ಮತ್ತೊಮ್ಮಿ."

ಸರ್ ಚೆಂಡಿಗಾಗಿ ಕೈ ಚಾಚಿದರು. ನಾನು ಓಡಿ ಹೋಗಿ ತಂದುಕೊಟ್ಟೆ.